ಗ್ಲುಟಮಿನ್ ಸಿಂಥೆಟೇಸ್ ಆಂಟಿಬಾಡಿ: ಎಂಟು ತಿಂಗಳು ಬಳಸಿದ ಮೇಲೆ

ಕಾಸರಗೋಡಿನ ಒಂದು ಸಣ್ಣ ಪೆಥಾಲಜಿ ಲ್ಯಾಬಿನಲ್ಲಿ ಸ್ಲೈಡ್ ಮಾಡುವುದು ನನ್ನ ಕೆಲಸ. ಅಂಗಾಂಶ ಹುದುಗಿಸಿದ ಪ್ಯಾರಾಫಿನ್ ಮೇಣದ ಬ್ಲಾಕನ್ನು ತೆಳು ಪದರಗಳಾಗಿ (ಸೆಕ್ಷನ್) ಕುಯ್ಯುವುದು, ಬಣ್ಣ ಹಾಕುವುದು, ಮೇಡಂ ಮೇಜಿನ ಮೇಲೆ ಇಡುವುದು. ನೋಡಿ ರಿಪೋರ್ಟ್ ಬರೆಯುವುದು ಅವರು. ಬಣ್ಣ ಸರಿ ಬಾರದಿದ್ದರೆ ಬೈಸಿಕೊಳ್ಳುವುದು ನಾನು.

ಕಳೆದ ಮಳೆಗಾಲದಲ್ಲಿ ಲಿವರ್ ಬಯಾಪ್ಸಿಗೆಂದು ಈ ಆಂಟಿಬಾಡಿ ತರಿಸಿದೆವು. ಗ್ಲುಟಮಿನ್ ಸಿಂಥೆಟೇಸ್ ಎಂಬ ಎಂಜೈಮಿಗೆ ಹೋಗಿ ಅಂಟುತ್ತದೆ, ಅಂಟಿದ ಕೋಶ ಸ್ಲೈಡಿನಲ್ಲಿ ಕಂದು ಕಾಣುತ್ತದೆ. ಇಲಿಯಿಂದ ತಯಾರಾದದ್ದು, ಮೊನೊಕ್ಲೋನಲ್, ಅಂದರೆ ಎಲ್ಲ ಒಂದೇ ಬಗೆಯ ಆಂಟಿಬಾಡಿ. ಒಂದು ವಯಲ್ಲಿನಲ್ಲಿ (ಸಣ್ಣ ಸೀಸೆ) 100 ಮೈಕ್ರೋಲೀಟರ್, ಅಂದರೆ ಎರಡು ಮೂರು ಹನಿ. ಬೆಲೆ 38,000 ರೂಪಾಯಿ. ಬದಿಯಡ್ಕದ ಮನೆಯಲ್ಲಿ ಹೇಳಿದ್ದಕ್ಕೆ ಅಪ್ಪ, "ಹತ್ತಿರ ಹತ್ತಿರ ಒಂದು ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡಲ್ವಾ ಮಾರಾಯ್ತಿ, ಎರಡು ಹನಿಗೆ!" ಎಂದರು. ಕಂಪೆನಿಯ ಹೆಸರು ಹೇಳುವುದಿಲ್ಲ. ಒಂದೆರಡು ದೂರು ಉಂಟು, ಅದಕ್ಕೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಈ ಎಂಜೈಮ್ ಗ್ಲುಟಮೇಟಿಗೆ ಅಮೋನಿಯಾ ಸೇರಿಸಿ ಗ್ಲುಟಮಿನ್ ಮಾಡುತ್ತದೆ. ಲಿವರಿನ ಪ್ರತಿ ಸಣ್ಣ ಘಟಕದಲ್ಲಿ ರಕ್ತ ಅಂಚಿನಿಂದ, ಅಂದರೆ ಪೋರ್ಟಲ್ ಕಡೆಯಿಂದ, ಬಂದು ನಡುವಿನ ಸಿರೆಗೆ ಹರಿಯುತ್ತದೆ. ದಾರಿಯಲ್ಲಿ ಅಮೋನಿಯಾ ಬಹುಪಾಲು ಯೂರಿಯಾ ಆಗಿರುತ್ತದೆ. ತಪ್ಪಿಸಿಕೊಂಡು ಬಂದದ್ದನ್ನು ಸಿರೆಯ ಸುತ್ತ ಇರುವ ಕೋಶಗಳು ಹಿಡಿಯುತ್ತವೆ. ತೋಟದ ಕಣಿಯ ಕೊನೆಯಲ್ಲಿ ಜಾಲರಿ ಇಟ್ಟ ಹಾಗೆ. ಹಾಗಾಗಿ ಆರೋಗ್ಯವಂತ ಲಿವರಿನಲ್ಲಿ ಕಂದು ಬಣ್ಣ ಬರಬೇಕಾದದ್ದು ಆ ಸಿರೆಯ ಸುತ್ತ ಒಂದರಿಂದ ಮೂರು ಸಾಲು ಕೋಶಗಳಲ್ಲಿ ಮಾತ್ರ. ಪೋರ್ಟಲ್ ಕಡೆ ಬರೀ ಹಿನ್ನೆಲೆಗೆ ಹಾಕುವ ಹೆಮಟಾಕ್ಸಿಲಿನ್ ಬಣ್ಣದ ನೀಲಿ. ಆಂಟಿಬಾಡಿ ಸರಿ ಉಂಟಾ ಇಲ್ಲವಾ ಎಂದು ಅದೇ ಸೆಕ್ಷನ್ನೇ ಹೇಳಿಬಿಡುತ್ತದೆ. ಇದರಲ್ಲಿ ಬರುವ ಉಂಗುರ ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ. ಒಂದು ಕೋಶ ಗಾಢ ಕಂದು, ಅದಕ್ಕೆ ಅಂಟಿದ ಮುಂದಿನದು ಖಾಲಿ. ಮೊದಲು ನಮ್ಮಲ್ಲಿದ್ದ ಮೊಲದ ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿ ಬೆರೆತದ್ದು) ಹೀಗಿರಲಿಲ್ಲ. ಒಂದು ಲಾಟ್ (ಒಂದು ಸಲಕ್ಕೆ ತಯಾರಾದದ್ದು) ಚೆನ್ನಾಗಿತ್ತು, ಮುಂದಿನದು ಎಲ್ಲ ಕಡೆ ಮೆತ್ತಿಕೊಂಡಿತು.

ಆದರೆ ಈ ಉಂಗುರ ಮೊದಲ ದಿನವೇ ಸಿಗಲಿಲ್ಲ. ಜೊತೆಗೆ ಬಂದ ಕಾಗದದಲ್ಲಿ 1:100, ಅಂದರೆ ನೂರು ಪಾಲಿಗೆ ತೆಳು ಮಾಡಿ, ಮತ್ತೆ ಸೆಕ್ಷನ್ ಬೇಯಿಸಲಿಕ್ಕೆ ಸಿಟ್ರೇಟ್ ಬಫರ್ ದ್ರಾವಣ, ಪಿಎಚ್ 6 ಎಂದು ಬರೆದಿತ್ತು. ಹಾಗೇ ಮಾಡಿದೆ. ಇಡೀ ಸೆಕ್ಷನ್ ಮೇಲೆ ಕಾಫಿ ಚೆಲ್ಲಿದ ಹಾಗಾಯಿತು. ಮೇಡಂ ನೋಡಿ ಎಂಥದ್ದೂ ಹೇಳಲಿಲ್ಲ, ಸುಮ್ನೆ ಸ್ಲೈಡ್ ವಾಪಸ್ ಕೊಟ್ಟರು. ಅದು ಬೈದದ್ದಕ್ಕಿಂತ ಜಾಸ್ತಿ. ಮತ್ತೆ ಒಂದೇ ಬ್ಲಾಕಿನಿಂದ 4 ಮೈಕ್ರಾನಿನ ಸೆಕ್ಷನ್ ತೆಗೆದು 1:200, 1:400, 1:800 ಹಾಕಿ ನೋಡಿದೆ. ಹಿನ್ನೆಲೆ ತಿಳಿಯಾಯಿತು, ಆದರೆ ಉಂಗುರವೂ ಪೇಲವ. ಸಿಟ್ರೇಟ್ ಬಿಟ್ಟು ಪಿಎಚ್ 9ರ ಟ್ರಿಸ್ ಇಡಿಟಿಎ ಎಂಬ ಬೇರೆ ಬಫರಿನಲ್ಲಿ ಬೇಯಿಸಿದ ಮೇಲೆ 1:400ಕ್ಕೆ ಸರಿ ಕೂತಿತು.

ಇದರಲ್ಲಿ ಲಾಭವೂ ಆಯಿತು. ಒಂದು ಸ್ಲೈಡಿಗೆ ತೆಳು ಮಾಡಿದ ದ್ರಾವಣ 100 ಮೈಕ್ರೋಲೀಟರ್ ಬೇಕು. ಅವರು ಹೇಳಿದ ಹಾಗೆ ಹೋದರೆ ಒಂದು ವಯಲ್ಲಿಗೆ 100 ಸ್ಲೈಡ್, ಒಂದಕ್ಕೆ 380 ರೂಪಾಯಿ. ನಮ್ಮ ಲೆಕ್ಕದಲ್ಲಿ 400 ಸ್ಲೈಡ್, 95 ರೂಪಾಯಿ. ಕಾಗದದಲ್ಲಿ 1:100 ಎಂದು ಯಾಕೆ ಬರೆಯುತ್ತಾರೆ ಅಂತ ಈಗ ನಿಮಗೂ ಅನುಮಾನ ಬಂತಲ್ವಾ?

ನಮ್ಮದು ಮನೆಯಲ್ಲಿ ಕಡಲೆ ಬೇಯಿಸುವಂಥದ್ದೇ ಪ್ರೆಶರ್ ಕುಕ್ಕರ್, ಇಂಡಕ್ಷನ್ ಒಲೆ. ಅಂಗಾಂಶ ಕೆಡದ ಹಾಗೆ ಹಾಕಿಡುವ ಫಾರ್ಮಾಲಿನ್ನಿನಲ್ಲಿ ಗಂಟು ಬಿದ್ದ ಪ್ರೋಟೀನನ್ನು ಆ ಬಿಸಿಯಲ್ಲೇ ಬಿಡಿಸಬೇಕು. ಒಮ್ಮೆ ನಡುವೆ ಕರೆಂಟು ಹೋಗಿ ಇಡೀ ಬ್ಯಾಚಿನಲ್ಲಿ ಉಂಗುರ ಅರ್ಧಂಬರ್ಧ ಬಂತು. ಅದಕ್ಕೆ ಆಂಟಿಬಾಡಿಯನ್ನು ಬೈಯಲಿಕ್ಕಾಗುವುದಿಲ್ಲ.

ಇನ್ನೊಂದು ದಿನ ಗಾಬರಿಯೇ ಆಗಿತ್ತು. ನಮ್ಮ ಹೊಸ ಹುಡುಗ ನೀಲೇಶ್ವರದ ಕಡೆಯವನು. "ಚೇಚೀ, ನೆಗೆಟಿವಿನಲ್ಲೂ ಬ್ರೌನ್ ಉಂಟಲ್ಲಾ" ಎಂದ. ಹೋಗಿ ನೋಡಿದರೆ ಹೌದು. ಆಂಟಿಬಾಡಿ ಹಾಕದ ಸ್ಲೈಡಿನಲ್ಲೂ ಅದೇ ಸಿರೆಯ ಸುತ್ತ ಕಂದು. ಬಣ್ಣ ಬರಿಸುವ ಕಿಟ್ ಕೆಟ್ಟಿತು ಎಂದುಕೊಂಡೆ. ಆಮೇಲೆ ಯಾವ ಬಣ್ಣವೂ ಹಾಕದ ಒಂದು ಸೆಕ್ಷನ್ ಮೇಲೆ ಕವರ್ ಸ್ಲಿಪ್ ಇಟ್ಟು ನೋಡಿದೆ. ಅದರಲ್ಲೂ ಇತ್ತು! ಲಿಪೊಫಸ್ಸಿನ್ ಅದು, ವಯಸ್ಸಾದ ಹಾಗೆ ಕೋಶದಲ್ಲಿ ಸೇರುವ ಪಿಗ್ಮೆಂಟು. ಹಾಳಾದ್ದು ಜಾಸ್ತಿ ಸೇರುವುದೂ ಅದೇ ಸಿರೆಯ ಸುತ್ತ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಲಿಪೊಫಸ್ಸಿನ್ ಸಣ್ಣ ರವೆಯ ಹಾಗೆ ಕಾಳು ಕಾಳು, ಸ್ವಲ್ಪ ಹೊನ್ನಿನ ಬಣ್ಣ. ಆಂಟಿಬಾಡಿಯ ಕಂದು ಕೋಶದ ತುಂಬ ಹರಡಿರುತ್ತದೆ. ಅಂದಿನಿಂದ ನೆಗೆಟಿವ್ ಸ್ಲೈಡ್ ಇಲ್ಲದೆ ಒಂದು ಕೇಸೂ ಮೇಡಂ ಹತ್ತಿರ ಹೋಗಿಲ್ಲ.

ಲಿವರಿನ ಗಂಟುಗಳಲ್ಲಿ ಈ ಆಂಟಿಬಾಡಿಯ ಉಪಯೋಗ ಜಾಸ್ತಿ. ಫೋಕಲ್ ನೋಡ್ಯುಲರ್ ಹೈಪರ್‌ಪ್ಲೇಸಿಯಾ ಎಂಬ ಕ್ಯಾನ್ಸರ್ ಅಲ್ಲದ ಗಂಟಿನಲ್ಲಿ ಬಣ್ಣ ಭೂಪಟದ ಹಾಗೆ, ಅಗಲ ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡು ಬರುತ್ತದೆ. ನಮ್ಮಲ್ಲಿ ಅಂಥದ್ದು ಒಂದೇ ಬಂದದ್ದು. ಮೇಡಂ ಕರೆದು ತೋರಿಸಿದರು, ನಿಜಕ್ಕೂ ಗೋಡೆಯಲ್ಲಿ ತೂಗುಹಾಕಿದ ಮ್ಯಾಪೇ.

ಇನ್ನು ದೂರು. ಬೆಂಗಳೂರಿನಿಂದ ಗುರುವಾರ ಹೊರಟ ಪೆಟ್ಟಿಗೆ ನಮಗೆ ಮುಟ್ಟಿದ್ದು ಸೋಮವಾರ. ಮಂಗಳೂರಿನವರೆಗೆ ಸರಿಯಾಗಿ ಬಂದು ಅಲ್ಲೇ ಎರಡು ದಿನ ಕೂತಿತ್ತು. ಐಸ್ ಪ್ಯಾಕ್ ಬೆಚ್ಚಗೆ ನೀರಾಗಿತ್ತು. ಫೋನ್ ಮಾಡಿದರೆ "ಬಳಸಿ ನೋಡಿ, ಕೆಲಸ ಮಾಡದಿದ್ದರೆ ಹೇಳಿ" ಎಂದರು. ಕೆಲಸವೇನೋ ಮಾಡಿತು. ಆದರೆ 38,000 ಕೊಟ್ಟವರಿಗೆ ಕೊಡುವ ಉತ್ತರವಾ ಇದು? ನಾನಂತೂ ಅದೇ ದಿನ 10 ಮೈಕ್ರೋಲೀಟರಿನ ಹಾಗೆ ಹತ್ತು ಸಣ್ಣ ಟ್ಯೂಬಿಗೆ ಹಂಚಿ ಫ್ರೀಜರಿನಲ್ಲಿ ಇಟ್ಟೆ. ಕರಗಿಸಿ ಮತ್ತೆ ಗಟ್ಟಿ ಮಾಡುವ ಆಟ ಬೇಡ ಎಂದು.

ಈಗ ಎರಡು ಟ್ಯೂಬ್ ಉಳಿದಿದೆ. ಹೊಸ ವಯಲ್ಲಿಗೆ ಆರ್ಡರ್ ಹಾಕಿಯಾಯಿತು. ಅದೇ ಲಾಟ್ ನಂಬರ್ ಕೇಳಿದ್ದೇನೆ, ಸೋಮವಾರವೇ ಹೊರಡಿಸಿ ಅಂತಲೂ ಬರೆದಿದ್ದೇನೆ.