ಮ್ಯಾಗಜೀನ್ ನೋಡಿ ಮದ್ದು ಅಳೆಯುವವರೇ, ಸ್ವಲ್ಪ ನಿಲ್ಲಿ

ಮ್ಯಾಗಜೀನ್ ಅಂದರೆ ಓದುವ ಮ್ಯಾಗಜೀನ್, ಕೋವಿಯ ಹೊಟ್ಟೆಗೆ ಸಿಕ್ಕಿಸುವುದಲ್ಲ. ಮದ್ದು ಅಂದರೆ ಕೋವಿಮದ್ದು, ಔಷಧಿಯಲ್ಲ. ಮೊದಲೇ ಹೇಳಿಬಿಟ್ಟೆ.

ಕಳೆದ ನವೆಂಬರ್‌ನಲ್ಲಿ ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಶೂಟಿಂಗ್ ರೇಂಜ್‌ನಲ್ಲಿ ನನ್ನ .270 ವಿಂಚೆಸ್ಟರ್ ರೈಫಲ್‌ನ ಬೋಲ್ಟ್, ಅಂದರೆ ತೋಟೆಯ ಹಿಂಬದಿ ಮುಚ್ಚುವ ಕಬ್ಬಿಣದ ಕೊಂಡಿ, ಕಚ್ಚಿಕೊಂಡು ಕೂತಿತು. ಬೆರಳಲ್ಲಿ ಎತ್ತಿದರೆ ಏಳಲಿಲ್ಲ, ಅಂಗೈಯಲ್ಲಿ ಗುದ್ದಿ ಗುದ್ದಿ ಬಿಡಿಸಬೇಕಾಯಿತು. ಕಾರಣ, ದುಡ್ಡು ಕೊಟ್ಟು ಹನ್ನೊಂದು ವರ್ಷದಿಂದ ತರಿಸುತ್ತಿದ್ದ ರೀಲೋಡಿಂಗ್ ಪತ್ರಿಕೆಯಲ್ಲಿ ಬಂದಿದ್ದ, ಎಷ್ಟು ಮದ್ದು ಹಾಕಬೇಕು ಅನ್ನುವ ಒಂದು ಪಟ್ಟಿ. ಪತ್ರಿಕೆಯ ಹೆಸರು ಹಾಕುವುದಿಲ್ಲ. ಆದರೆ ಇಲ್ಲಿ ಜಿಂಕೆ ಸೀಸನ್‌ಗೆ ಹೋಗುವ, ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಕನ್ನಡದವರು ನನಗೆ ಗೊತ್ತಿರುವವರೇ ಏಳೆಂಟು ಜನ ಇದ್ದಾರೆ, ಅವರಲ್ಲಿ ಇಬ್ಬರು ಇದೇ ಪತ್ರಿಕೆ ನೋಡಿ ಮದ್ದು ಅಳೆಯುತ್ತಾರೆ ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಕೇಸನ್ನು ಪ್ರೆಸ್‌ನಲ್ಲಿ ಒತ್ತಿ ಅಳತೆಗೆ ತರುವುದು, ಮದ್ದಿಗೆ ಕಿಡಿ ಹತ್ತಿಸುವ ಹೊಸ ಪ್ರೈಮರ್ ಅನ್ನು ತಳದಲ್ಲಿ ಕೂರಿಸುವುದು, ಮದ್ದು ತೂಗಿ ಹಾಕುವುದು, ಮೇಲೆ ಗುಂಡು ಕೂರಿಸುವುದು. ಇದೇ ರೀಲೋಡಿಂಗ್. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡ್‌ಗೆ 7000 ಗ್ರೇನ್. ಕೊಪ್ಪದ ಕಡೆ ನನ್ನ ಅಜ್ಜ ಕೇಪಿನ ಕೋವಿಗೆ ಬಿದಿರಿನ ಅಳತೆಯಲ್ಲಿ ಕರಿಮದ್ದು ಸುರಿದು, ತೆಂಗಿನ ನಾರು ಹಾಕಿ ಗಜದಲ್ಲಿ ಜಡಿಯುತ್ತಿದ್ದರು. ಒಂದು ಚಿಟಿಕೆ ಹೆಚ್ಚು ಕಡಿಮೆ ಆದರೆ ಹೊಗೆ ಸ್ವಲ್ಪ ಜಾಸ್ತಿ, ಭುಜಕ್ಕೆ ಒದೆತ ಸ್ವಲ್ಪ ಜಾಸ್ತಿ, ಅಷ್ಟೆ. ಈಗಿನ ಹೊಗೆಯಿಲ್ಲದ ಮದ್ದು ಹಾಗಲ್ಲ ಮಾರಾಯ್ರೆ. ಕೊನೆಯ ಒಂದೆರಡು ಗ್ರೇನ್‌ನಲ್ಲಿ ಒತ್ತಡ ಏಕಾಏಕಿ ಏರಿಬಿಡುತ್ತದೆ. .270ಕ್ಕೆ ಇಲ್ಲಿನ ಬಂದೂಕು ಉದ್ಯಮದವರು ಇಟ್ಟ ಮಿತಿ 65,000 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ. ಕಣ್ಣಿನಿಂದ ಒಂದು ಗೇಣು ದೂರದಲ್ಲಿ ನಡೆಯುವ ಸಂಗತಿ ಇದು.

ಇಲ್ಲೇ ಇನ್ನೆರಡು ಮಾತು. ಊರಲ್ಲಿ ಇದನ್ನು ಮಾಡಲು ಹೋಗಬೇಡಿ, ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಇಲ್ಲಿ ಎಚ್-1ಬಿ ವೀಸಾದಲ್ಲಿ ಇರುವವರು ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ತೋಟಾ ಕೂಡ ಇಟ್ಟುಕೊಳ್ಳುವಂತಿಲ್ಲ. ಸ್ನೇಹಿತನ ಗ್ಯಾರೇಜ್‌ನಲ್ಲಿ ಸುಮ್ನೆ ಒಂದು ಡಬ್ಬಿ ಇಟ್ಟಿದ್ದೆ ಅಂದರೆ ನಡೆಯಲ್ಲ.

ಈಗ ಪಟ್ಟಿಯ ಕಥೆ. ಲೇಖನ ಇದ್ದದ್ದು .270ಕ್ಕೆ 130 ಗ್ರೇನ್ ಗುಂಡಿನ ಲೋಡ್‌ಗಳ, ಅಂದರೆ ಮದ್ದಿನ ಅಳತೆಗಳ ಬಗ್ಗೆ. ಮದ್ದಿನ ಕಾಲಂನಲ್ಲಿ ಬರೀ "4831" ಅಂತ ಇತ್ತು. ನನ್ನ ಶೆಲ್ಫ್‌ನಲ್ಲಿ ಇದ್ದದ್ದು ಐಎಂಆರ್ 4831 ಅನ್ನುವ ಮದ್ದು. ಸಂಖ್ಯೆ ಅದೇ ಅಲ್ವಾ ಅಂತ ತೂಗಲು ಕೂತೆ. ಪಟ್ಟಿಯ ಕಡಿಮೆ ತೂಕದಿಂದ ಮೇಲಕ್ಕೆ ನಾಲ್ಕು ಮೆಟ್ಟಿಲು, ಒಂದೊಂದಕ್ಕೆ ಮೂರು ತೋಟೆ, ಒಟ್ಟು ಹನ್ನೆರಡು.

ಮೊದಲ ಮೂರು ಸರಿ ಹೋದವು. ಎರಡನೇ ಮೂರರಲ್ಲಿ ಒದೆತ ಜೋರು ಅನ್ನಿಸಿತು, ಚಳಿಗೆ ಭುಜ ಮರಗಟ್ಟಿರಬೇಕು ಅಂದುಕೊಂಡೆ. ಆ ಖಾಲಿ ಕೇಸುಗಳನ್ನು ಅಲ್ಲೇ ತಿರುಗಿಸಿ ನೋಡಿದ್ದರೆ ಸಾಕಿತ್ತು, ಪ್ರೈಮರ್ ಆಗಲೇ ಚಪ್ಪಟೆಯಾಗಿ ಅಂಚು ಮಾಯವಾಗಿತ್ತು. ನೋಡಲಿಲ್ಲ. ಏಳನೆಯದಕ್ಕೆ ಬೋಲ್ಟ್ ಕಚ್ಚಿತು. ಬಿಡಿಸಿ ನೋಡಿದರೆ ಪಿನ್ ಹೊಡೆದ ಗುರುತಿನ ಸುತ್ತ ದಿಬ್ಬ ಎದ್ದಿದೆ, ಕೇಸಿನ ತಳದಲ್ಲಿ ಅದನ್ನು ಹೊರಗೆ ತಳ್ಳುವ ಎಜೆಕ್ಟರ್ ಒತ್ತಿದ ಹೊಳೆಯುವ ಚುಕ್ಕೆ. ಎಲ್ಲ ಒತ್ತಡ ಮೀರಿದ್ದರ ಗುರುತು. ಪಕ್ಕದ ಬೆಂಚಿನ ಅಜ್ಜ ಒಬ್ಬರು ಅದನ್ನು ಕೈಯಲ್ಲಿ ಹಿಡಿದು ನೋಡಿ, ನನ್ನ ಮುಖ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು. ಆ ಮೌನಕ್ಕೆ ಜಾಸ್ತಿ ನಾಚಿಕೆಯಾಯಿತು.

ಉಳಿದ ಐದನ್ನು ಮನೆಗೆ ತಂದು ಗುಂಡು ಕಿತ್ತೆ. ಆಮೇಲೆ ರೀಲೋಡಿಂಗ್ ಮ್ಯಾನ್ಯುಯಲ್ ತೆಗೆದೆ, ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ. 4831 ಅನ್ನುವ ಮದ್ದು ಎರಡಿವೆ. ಒಂದು ಎಚ್ 4831. ಎರಡನೇ ಮಹಾಯುದ್ಧದ ನಂತರ ಸೈನ್ಯದಲ್ಲಿ ಉಳಿದ ಮದ್ದನ್ನು ಕಾನ್ಸಾಸ್‌ನ ಬ್ರೂಸ್ ಹಾಜ್ಡನ್ ಕೊಂಡು ಅಗ್ಗಕ್ಕೆ ಮಾರಿದ್ದು, .270ಕ್ಕೆ ಹೇಳಿ ಮಾಡಿಸಿದ್ದು ಅಂತ ಹೆಸರಾಗಿದ್ದು ಅದೇ. ಇನ್ನೊಂದು ಐಎಂಆರ್ 4831. ಡುಪಾಂಟ್‌ನವರು 1970ರ ದಶಕದಲ್ಲಿ ತಂದದ್ದು. ಸಂಖ್ಯೆ ಒಂದೇ, ಉರಿಯುವ ವೇಗ ಬೇರೆ. ಐಎಂಆರ್ ಬೇಗ ಉರಿಯುತ್ತದೆ. ಹಾಗಾಗಿ ಎಚ್‌ಗೆ ಕೊಟ್ಟ ತೂಕದಲ್ಲಿ ಐಎಂಆರ್ ತುಂಬಿದರೆ ಒತ್ತಡ ಮಿತಿ ದಾಟಬಹುದು, ನಾನು ಮಾಡಿದ್ದು ಅದನ್ನೇ.

ಬರೀ "4831" ಅಂತ ಯಾಕೆ ಬಂತು? ಇದೇ ನನಗೆ ತಲೆಯಲ್ಲಿ ಕೊರೆಯುತ್ತಿದ್ದದ್ದು. ಎರಡನೆಯದು ಬರುವ ಮೊದಲು ಅಕ್ಷರದ ಅಗತ್ಯವೇ ಇರಲಿಲ್ಲ, 4831 ಅಂದರೆ ಒಂದೇ. ಹಳೆಯ ಲೇಖನಗಳಲ್ಲೆಲ್ಲ ಹಾಗೇ ಇರುತ್ತದೆ. ಅಂದರೆ ಯಾರೋ ಹಳೆಯ ಪಟ್ಟಿಯನ್ನು ಎತ್ತಿ, ಹೊಸ ಫೋಟೋ ಅಂಟಿಸಿ, ಹೊಸ ಲೇಖನ ಅಂತ ಅಚ್ಚು ಹಾಕಿದ್ದಾರೆ. ಹಳೆಯ ಸಂಚಿಕೆಗಳನ್ನು ಮಾರುವವರಿಂದ ಒಂದು ರಾಶಿ ತರಿಸಿ ಹುಡುಕಿದೆ, ಸಿಕ್ಕಿತು. ಸಾಲಿಗೆ ಸಾಲು ಅದೇ. ಇದನ್ನು ತಿಳಿದವರು ಒಬ್ಬರು ಪ್ರೂಫ್ ನೋಡಿದ್ದರೂ ಒಂದೇ ನಿಮಿಷದಲ್ಲಿ ಹಿಡಿಯುತ್ತಿದ್ದರು. ಆ ಒಬ್ಬರು ಈಗ ಅಲ್ಲಿ ಇಲ್ಲ.

ಪತ್ರಿಕೆ ಕೆಡುತ್ತಿರುವುದು ನನಗೆ ಗೊತ್ತಾಗದೆ ಇರಲಿಲ್ಲ. ಪುಟ ಕಡಿಮೆಯಾಯಿತು, ಕಾಗದ ತೆಳುವಾಯಿತು, ಇರಲಿ, ಖರ್ಚು ಯಾರಿಗಿಲ್ಲ. ಓದುಗರ ಪತ್ರಗಳ ಪುಟ ಹೋಯಿತು, ಅದರ ಜೊತೆ ತಿದ್ದುಪಡಿಗಳೂ ಹೋದವು. ಹಿಂದೆ ಈ ರೈಫಲ್‌ನ ಟ್ರಿಗರ್ ಚೆನ್ನಾಗಿಲ್ಲ, ಸ್ಟಾಕ್ ನಳಿಗೆಗೆ ತಾಗುತ್ತದೆ ಅಂತ ಬರೆಯುವವರಿದ್ದರು. ಈಗ ಎಲ್ಲ ರೈಫಲ್ಲೂ ಚೆನ್ನ, ಎಲ್ಲದರ ಗುರಿಯೂ ಒಂದಿಂಚಿನೊಳಗೆ, ಪುಟ ತಿರುಗಿಸಿದರೆ ಅದೇ ರೈಫಲ್‌ನ ಜಾಹೀರಾತು. ಮದುವೆ ಬ್ರೋಕರ್ ಹುಡುಗನ ಬಗ್ಗೆ ಹೇಳಿದ ಹಾಗೆ.

ಜಾಹೀರಾತು ಕೊಡುವವರ ಕೈ ಎಷ್ಟು ಉದ್ದ ಅಂತ 2013ರಲ್ಲಿ ಎಲ್ಲರಿಗೂ ಕಂಡಿತ್ತು. ಗನ್ಸ್ ಅಂಡ್ ಆಮೋ ಪತ್ರಿಕೆಯಲ್ಲಿ ಡಿಕ್ ಮೆಟ್‌ಕಾಫ್ ಅನ್ನುವ ಹಳೆಯ ಅಂಕಣಕಾರರು, ಬಂದೂಕಿನ ಹಕ್ಕಿಗೂ ಒಂದಿಷ್ಟು ಕಟ್ಟುಪಾಡು ಇರುವುದು ತಪ್ಪಲ್ಲ ಅಂತ ಒಂದು ಪುಟ ಬರೆದರು. ಓದುಗರು ಸಿಟ್ಟಾದರು, ಬಂದೂಕು ಕಂಪನಿಗಳೂ ಒತ್ತಡ ಹಾಕಿದವು ಅಂತ ಮೆಟ್‌ಕಾಫ್ ಆಮೇಲೆ ಹೇಳಿದರು. ಅವರ ಕೆಲಸ ಹೋಯಿತು, ಸಂಪಾದಕರು ಕ್ಷಮೆ ಕೇಳಿ ಕುರ್ಚಿ ಬಿಟ್ಟರು. ಅವರು ಬರೆದದ್ದು ಸರಿಯೋ ತಪ್ಪೋ, ಆ ಜಗಳ ನನಗೆ ಬೇಡ. ಆದರೆ ಅದನ್ನು ನೋಡಿದ ಇನ್ನೊಬ್ಬ ಬರಹಗಾರ ಜಾಹೀರಾತುದಾರನ ಬಂದೂಕಿನ ಟ್ರಿಗರ್ ಕೆಟ್ಟದು ಅಂತ ಬರೆಯುತ್ತಾನಾ, ನೀವೇ ಹೇಳಿ.

ಪತ್ರಿಕೆಗೆ ಫೋನ್ ಮಾಡಿದೆ. ಎತ್ತಿದ ಹುಡುಗಿಗೆ ಗೊತ್ತಿದ್ದದ್ದು ಚಂದಾ ಮಾತ್ರ. ಪಾಪ, ಅವಳ ತಪ್ಪೇನು. ಎರಡು ಇಮೇಲ್ ಹಾಕಿದ ಮೇಲೆ ಒಂದು ಉತ್ತರ ಬಂತು: ಲೋಡ್ ಮಾಹಿತಿಯ ಹೊಣೆ ಓದುಗರದ್ದೇ ಎಂದು ಮೊದಲ ಪುಟದಲ್ಲಿ ಅಚ್ಚಾಗಿದೆ. ಹೋಗಿ ನೋಡಿದೆ, ಹೌದು, ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿದೆ. ಮುಂದಿನ ಮೂರು ಸಂಚಿಕೆಯಲ್ಲೂ ತಿದ್ದುಪಡಿ ಬರಲಿಲ್ಲ. ಚಂದಾ ನಿಲ್ಲಿಸಿ ಅಂದರೆ ಆಟೋ ರಿನ್ಯೂವಲ್‌ನಲ್ಲಿ ಕಾರ್ಡಿಂದ ಇನ್ನೊಂದು ವರ್ಷದ್ದು ಕತ್ತರಿಸಿದರು. ಅದನ್ನು ವಾಪಸ್ ಪಡೆಯಲು ಬ್ಯಾಂಕಿಗೆ ಹೇಳಬೇಕಾಯಿತು. ನೀವು ಚಂದಾದಾರರಾಗಿದ್ದರೆ ಆಟೋ ರಿನ್ಯೂವಲ್ ಈಗಲೇ ಆಫ್ ಮಾಡಿ.

ಎಲ್ಲ ಪತ್ರಿಕೆಯೂ ಹೀಗೆ ಅನ್ನುತ್ತಿಲ್ಲ. 1966ರಿಂದ ಬರುತ್ತಿರುವ ಹ್ಯಾಂಡ್‌ಲೋಡರ್ ಪತ್ರಿಕೆಯ ಹಳೆಯ ಸಂಚಿಕೆಗಳು ಈಗಲೂ ನನ್ನ ಮೇಜಿನ ಮೇಲಿವೆ, ಓದಲು ಖುಷಿಯಾಗುತ್ತದೆ. ಆದರೆ ಓದುವುದು ಬೇರೆ, ತೂಗುವುದು ಬೇರೆ. ಮದ್ದು ಕಂಪನಿಯವರು ಒತ್ತಡ ಅಳೆಯುವ ಟೆಸ್ಟ್ ಬ್ಯಾರೆಲ್‌ನಲ್ಲಿ ಹಾರಿಸಿ ಪಟ್ಟಿ ಮಾಡುತ್ತಾರೆ. ಪತ್ರಿಕೆಗೆ ಬರೆಯುವ ಬಹುಪಾಲು ಜನರ ಹತ್ತಿರ ಇರುವುದು ವೇಗ ಅಳೆಯುವ ಕ್ರೋನೋಗ್ರಾಫ್ ಮಾತ್ರ, ಅದರಲ್ಲಿ ಒತ್ತಡ ಕಾಣುವುದಿಲ್ಲ. ನಾನೀಗ ಹಾಜ್ಡನ್ ಕಂಪನಿಯ ಸೈಟ್‌ನಲ್ಲಿ ಪುಕ್ಕಟೆ ಸಿಗುವ ಪಟ್ಟಿ ಒಂದು ಕಡೆ, ಲೈಮನ್ ಮ್ಯಾನ್ಯುಯಲ್ ಇನ್ನೊಂದು ಕಡೆ ಇಟ್ಟುಕೊಂಡು, ಎರಡೂ ಒಪ್ಪಿದರೆ ಮಾತ್ರ ತಕ್ಕಡಿ ಮುಟ್ಟುತ್ತೇನೆ. ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ, ಸಂಖ್ಯೆ ಸಮೇತ ಬಾಯಿಬಿಟ್ಟು ಓದುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ. ಒಂದು ಸಲಕ್ಕೆ ಮೇಜಿನ ಮೇಲೆ ಒಂದೇ ಡಬ್ಬಿ.

ರೈಫಲ್‌ಗೆ ಏನೂ ಆಗಿಲ್ಲ, ಗನ್‌ಸ್ಮಿತ್‌ಗೆ ತೋರಿಸಿದೆ. ನಿಮ್ಮ ಹತ್ತಿರ ಯಾವುದೇ ಪತ್ರಿಕೆಯ ಪಟ್ಟಿಯಲ್ಲಿ ಮುಂದೆ ಅಕ್ಷರವಿಲ್ಲದೆ ಬರೀ 4831 ಅಂತ ಇದ್ದರೆ ಆ ಪುಟವನ್ನು ಹರಿದು ಒಲೆಗೆ ಹಾಕಿ. ಬೇರೆ ಏನಾದರೂ ಕೇಳುವುದಿದ್ದರೆ ಕೇಳಿ, ಗೊತ್ತಿದ್ದರೆ ಹೇಳುತ್ತೇನೆ. ಎಷ್ಟು ಗ್ರೇನ್ ಹಾಕಲಿ ಅಂತ ಮಾತ್ರ ನನ್ನನ್ನು ಕೇಳಬೇಡಿ.