ಅಣು ಮಾದರಿಯ ಪೆಟ್ಟಿಗೆ: ತೂತು ಮೊದಲೇ ಕೊರೆದಿದ್ದರೆ ವಿಕರ್ಷಣೆಗೆ ಕೆಲಸವೇನು?

ಪ್ರಥಮ ಪಿಯುಸಿಯ ರಾಸಾಯನಿಕ ಬಂಧದ ಪಾಠಕ್ಕೆಂದು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ 480 ರೂಪಾಯಿಗೆ ಕೊಂಡ ಅಣು ಮಾದರಿಗಳ ಪೆಟ್ಟಿಗೆಯನ್ನು ಇಡೀ ವರ್ಷ ಬಳಸಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಕಪ್ಪು ಗುಂಡು ಇಂಗಾಲ, ಬಿಳಿಯದು ಜಲಜನಕ, ಕೆಂಪು ಆಮ್ಲಜನಕ, ನೀಲಿ ಸಾರಜನಕ, ಬಣ್ಣಗಳಲ್ಲಿ ತಪ್ಪಿಲ್ಲ. ಮೀಥೇನ್ ಜೋಡಿಸಿದರೆ 109.5 ಡಿಗ್ರಿಯ ಕೋನ ಕೈಗೇ ತಿಳಿಯುತ್ತದೆ.

ತೊಡಕು ಶುರುವಾಗುವುದು ನೀರಿನಿಂದ. ಕೆಂಪು ಗುಂಡಿಗೆ ಎರಡೇ ತೂತು, ಅವೂ ಓರೆಯಾಗಿ ಕೊರೆದವು. “ನೀರು ಯಾಕ ಬಾಗ್ಯಾದ್ರಿ ಸರ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಪಕ್ಕದ ಹುಡುಗ “ತೂತೇ ಹಂಗ ಹೊಡದಾರ” ಎಂದುಬಿಟ್ಟ. ಪೆಟ್ಟಿಗೆಯ ದೋಷವನ್ನು ನಾನು ಅವನಿಗಿಂತ ಚೆನ್ನಾಗಿ ಹೇಳಲಾರೆ. 1957ರಲ್ಲಿ ರಸಾಯನವಿಜ್ಞಾನಿಗಳಾದ ಗಿಲೆಸ್ಪಿ ಮತ್ತು ನೈಹೋಮ್ ಮುಂದಿಟ್ಟ ವಿವರಣೆಯಂತೆ, ಕೇಂದ್ರ ಪರಮಾಣುವಿನ ಹೊರಕವಚದ ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ವಿಕರ್ಷಿಸಿ ಆದಷ್ಟು ದೂರ ಸರಿಯುತ್ತವೆ. ಬಂಧದಲ್ಲಿ ತೊಡಗದ ಒಂಟಿ ಜೋಡಿಯು ಹೆಚ್ಚು ಜಾಗ ಹಿಡಿದು ಬಂಧಗಳನ್ನು ಒತ್ತುವುದರಿಂದ ಅಮೋನಿಯಾದಲ್ಲಿ ಕೋನ ಸುಮಾರು 107 ಡಿಗ್ರಿಗೂ, ಅಂಥ ಎರಡು ಜೋಡಿಗಳಿರುವ ನೀರಿನಲ್ಲಿ 104.5 ಡಿಗ್ರಿಗೂ ಇಳಿಯುತ್ತದೆ. ಆ ಒಂಟಿ ಜೋಡಿಯನ್ನು ತೋರಿಸುವ ಒಂದು ತುಂಡೂ ಪೆಟ್ಟಿಗೆಯಲ್ಲಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತಿರುವುದು ಇದೇ ಕಾರಣಕ್ಕೆ.

ಮೇಲೊಂದು, ಕೆಳಗೊಂದು, ನಡುವೆ ಸುತ್ತಲೂ ಮೂರು, ಹೀಗೆ ಐದು ತೂತಿನ ಗುಂಡು ಮಾತ್ರ ಕೊಟ್ಟ ಹಣಕ್ಕೆ ನ್ಯಾಯ ಒದಗಿಸಿತು. ಫಾಸ್ಫರಸ್ ಪೆಂಟಾಕ್ಲೋರೈಡ್ ಮಾಡಿಸಿ, ಬಳಿಕ ಇದನ್ನೇ ಸಲ್ಫರ್ ಟೆಟ್ರಾಫ್ಲೋರೈಡ್ ಎಂದುಕೊಂಡರೆ ಒಂಟಿ ಜೋಡಿ ಯಾವ ತೂತಿನಲ್ಲಿ ಕೂರಬೇಕು ಎಂದು ಕೇಳಿದೆ. ಮೇಲೆ ಅಥವಾ ಕೆಳಗೆ ಕೂತರೆ 90 ಡಿಗ್ರಿಯಲ್ಲಿ ಮೂರು ಬಂಧಗಳು ಎದುರಾಗುತ್ತವೆ. ನಡುಸುತ್ತಿನಲ್ಲಿ ಕೂತರೆ ಅಷ್ಟು ಹತ್ತಿರ ಬರುವವು ಎರಡೇ, ಉಳಿದೆರಡು 120 ಡಿಗ್ರಿ ದೂರದಲ್ಲಿರುತ್ತವೆ. ಹೀಗೆ ಲೆಕ್ಕ ಹಾಕಿ, ಅಣುವಿಗೆ ಉದ್ಯಾನದಲ್ಲಿ ಮಕ್ಕಳು ಕೂತು ಏರಿಳಿಯುವ ಸೀ-ಸಾ ಹಲಗೆಯ ಆಕಾರ ಬರುವುದನ್ನು ಮಕ್ಕಳೇ ಕಂಡುಕೊಂಡರು.

ಪೆಟ್ಟಿಗೆಗಿಂತ ಅಗ್ಗದ ಉಪಕರಣವೂ ಒಂದುಂಟು: ಶರಣಬಸವೇಶ್ವರ ಜಾತ್ರೆಯಲ್ಲಿ ಮಾರುವಂಥ ಬಲೂನು. ಒಂದೇ ಅಳತೆಗೆ ಊದಿದ ನಾಲ್ಕನ್ನು ಕುತ್ತಿಗೆಯಲ್ಲಿ ಬಿಗಿಯಾಗಿ ಕಟ್ಟಿದರೆ ಯಾರೂ ತೂತು ಕೊರೆಯದೆಯೇ ಅವು ಮೀಥೇನಿನ ನಾಲ್ಕು ಬಂಧಗಳಂತೆ ಚತುರ್ಮುಖಿಯಾಗಿ ನಿಲ್ಲುತ್ತವೆ. ಒಂದನ್ನು ಹೆಚ್ಚು ಊದಿದರೆ ಉಳಿದ ಮೂರು ಪರಸ್ಪರ ಹತ್ತಿರ ಸರಿಯುತ್ತವೆ. ನಮ್ಮ ಮೇ ತಿಂಗಳ ಬಿಸಿಲಿಗೆ ಬಲೂನು ಬಾಳುವುದಿಲ್ಲ, ಪೆಟ್ಟಿಗೆಯ ಕಡ್ಡಿಗಳೂ ಸಡಿಲಾಗಿವೆ. ಈಗ ನೀರಿನ ಮಾದರಿಗೆ ಕೆಂಪು ಗುಂಡನ್ನು ಬದಿಗಿಟ್ಟು, ನಾಲ್ಕು ತೂತಿನ ಕಪ್ಪು ಗುಂಡನ್ನೇ ಆಮ್ಲಜನಕವೆಂದು ಹೇಳಿ, ಖಾಲಿ ಉಳಿದ ತೂತುಗಳಿಗೆ ಎರಡು ಪುಟ್ಟ ಬಲೂನು ಸಿಕ್ಕಿಸುತ್ತೇನೆ.