ಮುಳಬಾಗಿಲಿನ ಕೆರೆಗಳನ್ನು ಬೇರ್ಪಡಿಸಲು ಮೂರು ದಾರಿ

ಮುಳಬಾಗಿಲು ತಾಲ್ಲೂಕಿನ ಕೆರೆಗಳಷ್ಟೇ ಇರುವ ಒಂದು ಫೈಲ್ ಬೇಕಿತ್ತು. ಕೈಯಲ್ಲಿದ್ದದ್ದು ಎಲ್ಲರೂ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಂಡ ದಕ್ಷಿಣ ಭಾರತದ ಜಲಮೂಲಗಳ ಪದರ (ಲೇಯರ್). ನಕ್ಷೆಗಳ ಕೆಲಸಕ್ಕೆ ಬಳಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಫಿಲ್ಟರ್, ಆಯ್ಕೆ, ಎಕ್ಸ್‌ಟ್ರಾಕ್ಟ್ ಮೂರನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದೆ.

ಫಿಲ್ಟರ್ ಬಲು ಚುರುಕು. ಕಂಟ್ರೋಲ್ ಮತ್ತು ಎಫ್ ಒತ್ತಿ, ಹೆಸರಿನಲ್ಲಿ 'ಕೆರೆ' ಇರುವವು ಮಾತ್ರ ಸಾಕು ಎಂದು ಬರೆದರೆ ಉಳಿದವು ಕಣ್ಮರೆಯಾಗುತ್ತವೆ. ಆದರೆ ಫಿಲ್ಟರ್ ಉಳಿಯುವುದು ಪ್ರಾಜೆಕ್ಟ್ ಫೈಲ್‌ನಲ್ಲಿ, ದತ್ತಾಂಶದಲ್ಲಲ್ಲ. ಒಮ್ಮೆ ಫಿಲ್ಟರ್ ಹಾಕಿದ ಪದರದ ಮೂಲ ಫೈಲನ್ನೇ ಗೆಳೆಯರಿಗೆ ಕಳುಹಿಸಿದ್ದೆ. ಅವರ ಪರದೆಯಲ್ಲಿ ಎಲ್ಲ ಜಲಮೂಲಗಳೂ ತೆರೆದುಕೊಂಡವು. ಪದರದ ಹೆಸರಿನ ಪಕ್ಕದ ಪುಟ್ಟ ಆಲಿಕೆಯ ಚಿಹ್ನೆಯನ್ನು ಗಮನಿಸದಿದ್ದರೆ ಮುಂದಿನ ಲೆಕ್ಕಗಳೂ ತಪ್ಪುತ್ತವೆ. ನೋಡುವುದಕ್ಕೆ ಫಿಲ್ಟರ್ ಒಳ್ಳೆಯದು, ಉಳಿಸುವುದಕ್ಕೆ ಅದನ್ನು ನೆಚ್ಚಲಾರೆ.

ಹೆಸರನ್ನು ಹಿಡಿದು ಹುಡುಕುವುದರಲ್ಲೇ ಇನ್ನೊಂದು ತೊಡಕಿದೆ. ಕೋಲಾರದ ಕಡೆ ನೀರು ನಿಲ್ಲುವ ಜಾಗಕ್ಕೆ ಕುಂಟೆ ಎನ್ನುತ್ತಾರೆ, ಕಟ್ಟೆ ಎನ್ನುತ್ತಾರೆ. ಎಷ್ಟೋ ಕೆರೆಗಳಿಗೆ ನಕ್ಷೆಯಲ್ಲಿ ಹೆಸರೇ ಇಲ್ಲ. 'ಹೊಂಡ ಎಂದಿಲ್ಲದವು' ಎಂದು ಕೇಳಿದರೂ ಹೆಸರಿನ ಕಾಲಂ ಖಾಲಿ ಇರುವ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ಏಕೆಂದರೆ ಖಾಲಿ ಮೌಲ್ಯ ಯಾವ ಹೋಲಿಕೆಗೂ ಸಿಗುವುದಿಲ್ಲ. ಅದು ಖಾಲಿಯೇ ಎಂದು ಬೇರೆಯಾಗಿಯೇ ಕೇಳಬೇಕು.

ಕೈಯಾರೆ ಆಯ್ಕೆ ಮಾಡುವುದು ನನಗೆ ಹೆಚ್ಚು ಇಷ್ಟವಾದದ್ದು ಇದಕ್ಕೇ. ತಾಲ್ಲೂಕಿನ ಗಡಿಯ ಪದರವನ್ನು ಹಾಕಿಕೊಂಡು 'ಸ್ಥಳದ ಮೇಲೆ ಆಯ್ಕೆ' ಕೊಟ್ಟೆ; ಪರದೆಯಲ್ಲಿ ಕೆರೆಗಳು ಹಳದಿಯಾದವು. ಹಿಂದೆ ಉಪಗ್ರಹ ಚಿತ್ರವನ್ನು ಇಟ್ಟುಕೊಂಡು ಒಂದೊಂದನ್ನೇ ನೋಡುತ್ತಾ ಹೋದೆ. ಕಲ್ಲುಗಣಿಯ ಗುಂಡಿ, ಚೌಕಾಕಾರದ ಕೃಷಿ ಹೊಂಡಗಳನ್ನು ಕೈಬಿಟ್ಟೆ. ಗಡಿಯ ಮೇಲೆಯೇ ಕುಳಿತ ಕೆರೆಗಳಲ್ಲಿ ಏರಿ ಯಾವ ಕಡೆಯಿದೆ ಎಂದು ನೋಡಿ, ಬೇಕಾದದ್ದನ್ನು ಶಿಫ್ಟ್ ಒತ್ತಿ ಸೇರಿಸಿದೆ. ಈ ವಿವೇಚನೆಯನ್ನು ಯಾವ ಸೂತ್ರವೂ ಮಾಡಿಕೊಡುವುದಿಲ್ಲ. ಆಮೇಲೆ ಆಯ್ದವುಗಳನ್ನು ಮಾತ್ರ ಉಳಿಸುವ ಆದೇಶ ಕೊಟ್ಟರೆ ಹೊಸ ಫೈಲ್ ಸಿದ್ಧ. ಕೊರತೆಯೆಂದರೆ ಇಷ್ಟೇ: ತಪ್ಪಿ ಖಾಲಿ ಜಾಗದಲ್ಲಿ ಒಂದು ಸಲ ಕ್ಲಿಕ್ ಮಾಡಿದರೆ ಅರ್ಧ ಗಂಟೆಯ ಆಯ್ಕೆ ಕರಗಿಹೋಗುತ್ತದೆ.

ಪ್ರೊಸೆಸಿಂಗ್ ಪೆಟ್ಟಿಗೆಯ ಎಕ್ಸ್‌ಟ್ರಾಕ್ಟ್ ಸಾಧನ ಆಯ್ಕೆ ಮತ್ತು ಉಳಿಕೆ ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮುಗಿಸುತ್ತದೆ. ಏನು ಕೇಳಿದೆವು ಎಂಬುದು ಇತಿಹಾಸದಲ್ಲಿ ದಾಖಲಾಗುವುದರಿಂದ ಮುಂದಿನ ವರ್ಷ ಬಂಗಾರಪೇಟೆಗೂ ಅದನ್ನೇ ಓಡಿಸಬಹುದು. ಫಲಿತಾಂಶ ಮೊದಲಿಗೆ ತಾತ್ಕಾಲಿಕ ಪದರವಾಗಿರುತ್ತದೆ, ಡಿಸ್ಕಿಗೆ ಬರೆಯದೆ ಮುಚ್ಚಬಾರದು.

ಈಗ ನಾನು ಮೊದಲು ಎಕ್ಸ್‌ಟ್ರಾಕ್ಟ್‌ನಿಂದ ತಾಲ್ಲೂಕನ್ನು ಕತ್ತರಿಸಿಕೊಂಡು, ಆ ಚಿಕ್ಕ ಪದರದಲ್ಲಿ ಕೈಯಾರೆ ಆಯ್ದು ಉಳಿಸುತ್ತೇನೆ. ನಕ್ಷೆಯ ದತ್ತಾಂಶ ಉಳಿಸುವ ಫೈಲ್ ಮಾದರಿಗಳಲ್ಲಿ ಹಳೆಯ ಶೇಪ್‌ಫೈಲ್ ಬೇಡ, ಜಿಯೋಪ್ಯಾಕೇಜ್ ಇರಲಿ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ 'ಕೆರೆ' ಎಂಬ ಎರಡಕ್ಷರದ ಪದಕ್ಕೇ 12 ಬೈಟ್ ಬೇಕು.